ಅಜ್ಜನ ಕಾಲದ ಕಲ್ಲು ಮರಿಗೆ ಸರಿಸಬೇಕು, ಜೆಸಿಬಿ ಬರುವುದಿಲ್ಲ. ಹಾರೆಯಲ್ಲೇ ಆಗುತ್ತಾ?

ತೋಟದಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿಯಿಂದ ಸಿದ್ದಾಪುರದ ಕಡೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗಿನ ಊರು. ಹಳೇ ಕೊಟ್ಟಿಗೆ ಬಿಚ್ಚಿದ್ದೇವೆ, ಹೊಸದು ಆಚೆ ದರೆಯ ಪಕ್ಕ ಕಟ್ಟಿ ಆಯಿತು. ಹಳೇ ಕೊಟ್ಟಿಗೆಯ ಮೂಲೆಯಲ್ಲಿ ಅಜ್ಜನ ಕಾಲದ ಒಂದು ಕಲ್ಲು ಮರಿಗೆ ಇದೆ. ದನಕ್ಕೆ ಅಕ್ಕಚ್ಚು, ಅಂದರೆ ಅಕ್ಕಿ ತೊಳೆದ ನೀರು, ಹಾಕುತ್ತಿದ್ದ ತೊಟ್ಟಿ, ಅದಕ್ಕೆ ನಮ್ಮ ಕಡೆ ಮರಿಗೆ ಅನ್ನುತ್ತೇವೆ. ಒಂದೇ ಕರಿಕಲ್ಲಿನಲ್ಲಿ ಕಡೆದದ್ದು, ಇವತ್ತಿಗೂ ಒಂದು ಬಿರುಕಿಲ್ಲ. ಅದನ್ನು ಹೊಸ ಕೊಟ್ಟಿಗೆಗೆ ಒಯ್ಯಬೇಕು ಅಂತ ಅಪ್ಪನಿಗೆ ಬಹಳ ಆಸೆ. ನನಗೂ ಇದೆ.

ದೂರ ಇರುವುದು 40 ಅಡಿ ಅಷ್ಟೇ. ಆದರೆ ಜೆಸಿಬಿ ಬರುವ ಹಾಗಿಲ್ಲ, ನಡುವೆ ಸಂಕ (ಕಾಲುಸೇತುವೆ) ಇದೆ, ಆಚೆ ಈಚೆ ಅಡಿಕೆ ಸಾಲು. 25 ಅಡಿ ಸಪಾಟು ಜಾಗ, ಆಮೇಲೆ 15 ಅಡಿಯಲ್ಲಿ ಒಂದೂವರೆ ಅಡಿ ಏರು.

ಮರಿಗೆಯ ಅಳತೆ ಹೇಳುತ್ತೇನೆ. ಉದ್ದ 4 ಅಡಿ, ಅಗಲ 2 ಅಡಿ, ಎತ್ತರ ಒಂದೂವರೆ ಅಡಿ. ಒಳಗಿನ ಗುಳಿ 3 ಅಡಿ 4 ಇಂಚು ಉದ್ದ, 1 ಅಡಿ 4 ಇಂಚು ಅಗಲ, 1 ಅಡಿ ಆಳ. ತೂಕ ಎಷ್ಟಿರಬಹುದು ಅಂತಲೂ ನನಗೆ ಅಂದಾಜಿಲ್ಲ.

ಮೊನ್ನೆ ನಾನು, ನನ್ನ ಹೆಂಡತಿ ಸೇರಿ 5 ಅಡಿ ಹಾರೆ ಹಾಕಿ ಮೀಟಿ ನೋಡಿದೆವು. ಹಾರೆಯ ಅಡಿಗೆ ಒಂದು ಕಲ್ಲು ಇಟ್ಟಿದ್ದೆ. ಮರಿಗೆ ಏಳಲೇ ಇಲ್ಲ, ಅಡಿಗೆ ಇಟ್ಟ ಕಲ್ಲೇ ಮಣ್ಣಿನೊಳಗೆ ಇಳಿಯಿತು. ಇನ್ನೊಂದು ಸಲ ಮಾಡಿದಾಗ ಹಾರೆ ಜಾರಿ ನನ್ನ ಮೊಣಕಾಲಿಗೆ ತಾಗಿತು. ಅಲ್ಲಿಗೇ ಬಿಟ್ಟೆವು. ಈ ಭಾನುವಾರ ತಮ್ಮ ಬರುತ್ತಾನೆ, ಒಟ್ಟು ಮೂರು ಜನ. ಅಪ್ಪನಿಗೆ 74, ಅವರು ನಿಂತು ಹೇಳಬಹುದು ಅಷ್ಟೇ, ಹಿಡಿಯುವುದು ಬೇಡ ಅಂದಿದ್ದೇವೆ.

ಇನ್ನೊಂದು ಪ್ರಶ್ನೆ ನನ್ನ ಮಗಳದ್ದು, ಎಂಟನೇ ಕ್ಲಾಸು. ಅವಳು ಪಾಠ ಓದಿಕೊಂಡು ಕೇಳಿದ್ದು ಹೀಗೆ: "ಹಾರೆಯ ಉದ್ದದ ಕಡೆ ಹತ್ತು ಪಟ್ಟು ಇದ್ದರೆ 30 ಕೆಜಿ ಒತ್ತಿದಾಗ 300 ಕೆಜಿ ಏಳುತ್ತದೆ ಅಂತ ಪುಸ್ತಕದಲ್ಲಿದೆ. ಹಾಗಾದರೆ ಉಳಿದ 270 ಕೆಜಿ ಯಾರು ಎತ್ತಿದ್ದು ಅಪ್ಪಾ?" ನನಗೆ ಉತ್ತರ ಗೊತ್ತಾಗಲಿಲ್ಲ. ಸುಮ್ನೆ ಏನೋ ಹೇಳಿ ದಾಟಿಸಲು ಮನಸ್ಸಾಗಲಿಲ್ಲ. ಗೊತ್ತಿದ್ದವರು ಎರಡಕ್ಕೂ ಹೇಳಿ.


ಚಿರೆಕಲ್ಲು, ಹೊನ್ನಾವರ

ಅಣ್ಣಾ, ಆಗುತ್ತದೆ. ಮೂರು ಜನ ಸಾಕು, ಆದರೆ ಅರ್ಧ ದಿನ ಬೇಕು. ಅವಸರ ಮಾಡಿದರೆ ಮಾತ್ರ ಆಗುವುದಿಲ್ಲ. ನಾನು ಕಲ್ಲಿನ ಕೆಲಸದಲ್ಲಿ ಇಪ್ಪತ್ತು ವರ್ಷದ ಮೇಲಾಯಿತು. ಚಿರೆಕಲ್ಲು ಜಾಸ್ತಿ, ಕರಿಕಲ್ಲಿನ ಮೆಟ್ಟಿಲು, ತುಳಸಿಕಟ್ಟೆ ಎಲ್ಲ ಸರಿಸಿದ್ದೇನೆ.

ಮೊದಲು ತೂಕ. ನಿಮ್ಮ ಮರಿಗೆ ಗಟ್ಟಿ ಕಲ್ಲಾಗಿದ್ದರೆ 4 ಗುಣಿಸು 2 ಗುಣಿಸು ಒಂದೂವರೆ, 12 ಘನ ಅಡಿ. ಗುಳಿಯಲ್ಲಿ ಹೋದದ್ದು ನಾಲ್ಕೂವರೆಗೆ ಸ್ವಲ್ಪ ಕಮ್ಮಿ. ಉಳಿದದ್ದು ಏಳೂವರೆ ಘನ ಅಡಿ ಅನ್ನಿ. ಕರಿಕಲ್ಲು ಒಂದು ಘನ ಅಡಿಗೆ 76 ಕೆಜಿ ಹತ್ತಿರ ಬರುತ್ತದೆ, ನೀರಿನ 2.7 ಪಟ್ಟು. ಅಲ್ಲಿಗೆ 570, 580 ಕೆಜಿ. ನೀವು 600 ಅಂತ ಇಟ್ಟುಕೊಂಡೇ ಕೆಲಸ ಮಾಡಿ.

ಆದರೆ 600 ಎತ್ತುವ ಅಗತ್ಯವೇ ಇಲ್ಲ. ಒಂದು ತುದಿ ಎತ್ತಿದರೆ ಇನ್ನೊಂದು ತುದಿ ನೆಲದ ಮೇಲೇ ಕೂತಿರುತ್ತದೆ, ಅರ್ಧ ಭಾರ ನೆಲವೇ ಹೊತ್ತಿರುತ್ತದೆ. ನಿಮ್ಮ ಪಾಲಿಗೆ 300. ಹಾರೆ 5 ಅಡಿ ಅಂದರೆ 60 ಇಂಚು. ತುದಿಯಿಂದ 4 ಇಂಚಿಗೆ ಅಡಿ, ಅಂದರೆ ಹಾರೆ ಕೂರುವ ಆಧಾರ, ಕೊಟ್ಟರೆ ನಿಮ್ಮ ಕಡೆ 56 ಇಂಚು ಉಳಿಯುತ್ತದೆ. 14 ಪಟ್ಟು. 300ನ್ನು 14ರಿಂದ ಭಾಗಿಸಿ, 21 ಕೆಜಿ ಚಿಲ್ಲರೆ. ಒಬ್ಬರು ಆರಾಮಾಗಿ ಒತ್ತಬಹುದು. ಅಡಿ ಕೊಡುವ ಜಾಗ 4 ಇಂಚಿನಿಂದ 8 ಇಂಚಿಗೆ ಹೋಯಿತು ಅನ್ನಿ, ಅದೇ ಹಾರೆ, ಅದೇ ಕಲ್ಲು, ಈಗ 46 ಕೆಜಿ ಬೇಕು. ಹೊಸಬರು ತಪ್ಪುವುದು ಇಲ್ಲೇ. ಹಾರೆ ಉದ್ದ ಇದೆಯಲ್ಲಾ ಅಂತ ಅಡಿಗಲ್ಲನ್ನು ಎಲ್ಲೋ ದೂರ ಇಡುತ್ತಾರೆ.

ನಿಮ್ಮ ಅಡಿಗಲ್ಲು ಮಣ್ಣಿಗೆ ಇಳಿದದ್ದಕ್ಕೆ ಕಾರಣ ಅದರ ಮೇಲೆ ಬೀಳುವ ಭಾರ. ಕೊಟ್ಟಿಗೆಯ ನೆಲ, ವರ್ಷಗಟ್ಟಲೆ ನೆನೆದ ಮಣ್ಣು, ಅದರ ಮೇಲೆ ಮುಷ್ಟಿಯಷ್ಟು ಕಲ್ಲು ಇಟ್ಟರೆ ಅದು ಮೊಳೆ ಇಳಿದ ಹಾಗೆ ಇಳಿಯುತ್ತದೆ. ಮೊದಲು ಒಂದು ದಪ್ಪ ಹಲಗೆ ಹಾಸಿ, ಒಂದೂವರೆ ಅಡಿಯಾದರೂ ಉದ್ದ ಇರಲಿ. ಅದರ ಮೇಲೆ ಗಟ್ಟಿ ಮರದ ತುಂಡು ಇಡಿ. ಕಲ್ಲು ಬೇಡ, ಹಾರೆ ಕಲ್ಲಿನ ಮೇಲೆ ಜಾರುತ್ತದೆ, ಮರವನ್ನು ಕಚ್ಚಿಕೊಳ್ಳುತ್ತದೆ. ನಿಮ್ಮ ಮೊಣಕಾಲಿಗೆ ತಾಗಿದ್ದೂ ಅದಕ್ಕೇ ಇರಬೇಕು.

ಕೈ ಎರಡು ಅಡಿ ಕೆಳಗೆ ಹೋದರೆ ಕಲ್ಲು ಒಂದೂಮುಕ್ಕಾಲು ಇಂಚು ಏಳುತ್ತದೆ ಅಷ್ಟೇ. ಎದ್ದ ಕೂಡಲೇ ಒಬ್ಬರು ಹಲಗೆ ಚಕ್ಕೆ ತೂರಿಸಬೇಕು. ಕೋಲಿನಿಂದ ದೂಡಿ ತೂರಿಸಿ, ಕೈ ಒಳಗೆ ಹಾಕಲೇಬೇಡಿ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರ ಎರಡು ಬೆರಳು ಹೀಗೇ ಹೋಯಿತು. ಒತ್ತುವವರು ಹಾರೆಯ ಪಕ್ಕಕ್ಕೆ ನಿಲ್ಲಬೇಕು, ಮೇಲೆ ಬಗ್ಗಿ ನಿಲ್ಲಬಾರದು, ಜಾರಿದರೆ ಹಾರೆ ಗದ್ದಕ್ಕೆ ಹೊಡೆಯುತ್ತದೆ. ಹೀಗೆ ಆ ಕಡೆ ಒಂದು ಚಕ್ಕೆ, ಈ ಕಡೆ ಒಂದು ಚಕ್ಕೆ, ಮೂರು ನಾಲ್ಕು ಇಂಚು ಏರಿಸಿಕೊಂಡರೆ ಅಡಿಗೆ ಹಲಗೆ, ಹಲಗೆಯ ಮೇಲೆ ಪೈಪು ಹೋಗುತ್ತದೆ. ಎರಡು ಇಂಚಿನ ಜಿಐ ಪೈಪು, ಮೂರು ಅಡಿ ಉದ್ದದ್ದು ಐದಾದರೂ ಬೇಕು. ತೋಟದಲ್ಲಿ ಬಿದ್ದಿದೆ ಅಂತ ಅಡಿಕೆ ಮರದ ತುಂಡು ಹಾಕಬೇಡಿ. ಹೊರಗೆ ಗಟ್ಟಿ, ಒಳಗೆ ಮೆತ್ತಗೆ, ಭಾರಕ್ಕೆ ಅಪ್ಪಚ್ಚಿಯಾಗುತ್ತದೆ.

ಪೈಪು ಒಂದು ಅಡಿ ಮುಂದೆ ಉರುಳಿದರೆ ಮೇಲಿನ ಕಲ್ಲು ಎರಡು ಅಡಿ ಹೋಗುತ್ತದೆ, ಹಾಗಾಗಿ ಹಿಂದಿನ ಪೈಪು ಬೇಗ ಬೇಗ ಬಿಟ್ಟುಹೋಗುತ್ತದೆ. ಅದನ್ನು ಎತ್ತಿ ಮುಂದೆ ಇಡುವುದೇ ಒಬ್ಬರ ಪೂರ್ತಿ ಕೆಲಸ. ದಿಕ್ಕು ತಿರುಗಿಸಬೇಕಾದರೆ ಮುಂದಿನ ಪೈಪನ್ನು ಸ್ವಲ್ಪ ಓರೆಯಾಗಿ ಇಡಿ, ಕಲ್ಲು ತಾನೇ ತಿರುಗುತ್ತದೆ. ಸಪಾಟು ಜಾಗದಲ್ಲಿ ಇಬ್ಬರು ನೂಕಿದರೆ ಸಾಕು. ಏರಿನ ಬಗ್ಗೆ ಬಂದರಿನ ಕಡೆಯವರು ಯಾರಾದರೂ ಹೇಳಲಿ, ಎಳೆಯುವ ಕೆಲಸ ಅವರಿಗೆ ಗೊತ್ತಿದ್ದಷ್ಟು ನಮಗೆ ಗೊತ್ತಿಲ್ಲ.


ಬೈತಖೋಲ್, ಕಾರವಾರ

ಹೊನ್ನಾವರದ ಅಣ್ಣ ಹೇಳಿದ್ದು ಸರಿ ಇದೆ. ಏರಿಗೆ ನಾನು ಹೇಳುತ್ತೇನೆ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ದೋಣಿ. ಜೂನ್ 1ರಿಂದ ಜುಲೈ 31ರ ತನಕ ದೊಡ್ಡ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ, ಮಳೆಗಾಲದ ಮುಂಚೆ ಸಣ್ಣ ದೋಣಿಗಳನ್ನು ಅಲೆ ತಾಗದಷ್ಟು ಮೇಲಕ್ಕೆ ಎಳೆದು ಇಡಬೇಕು. ಅದನ್ನು ನೋಡಿಕೊಂಡೇ ಬೆಳೆದವನು.

ನಿಮ್ಮ ಏರು 15 ಅಡಿಗೆ ಒಂದೂವರೆ ಅಡಿ. ಅಂದರೆ ಹತ್ತಕ್ಕೆ ಒಂದು. 600 ಕೆಜಿಯನ್ನು ಆ ಏರಿನಲ್ಲಿ ಹಿಡಿದು ನಿಲ್ಲಿಸಲಿಕ್ಕೇ 60 ಕೆಜಿ ಎಳೆತ ಬೇಕು. ಪೈಪಿನ ತಿಕ್ಕಾಟ ಸೇರಿದರೆ ಇನ್ನೂ ಜಾಸ್ತಿ. ಮೂರು ಜನ ಎಳೆಯಬಹುದು, ಆದರೆ ಕಾಲು ಜಾರಿದರೆ ಮರಿಗೆ ಹಿಂದೆ ಬರುತ್ತದೆ. ಹಾಗಾಗಿ ಕೈಯಲ್ಲೇ ಎಳೆಯುವ ಯೋಚನೆ ಬೇಡ.

ಒಂದು ಗಡಗಡೆ ತನ್ನಿ, ಕಬ್ಬಿಣದ್ದು, ಕೊಕ್ಕೆ ಇರುವುದು. ಬಾವಿಯ ಮೇಲೆ ಹಾಕುವ ಹಾಗೆ ಅದನ್ನು ಮರಕ್ಕೆ ಕಟ್ಟಿದರೆ ಒಂದು ಕೆಜಿ ಲಾಭವೂ ಇಲ್ಲ. ಎಳೆಯುವ ದಿಕ್ಕು ಬದಲಾಗುತ್ತದೆ ಅಷ್ಟೇ. ಬಾವಿಯಲ್ಲಿ ಅಷ್ಟೇ ಬೇಕು, ಕೆಳಕ್ಕೆ ಎಳೆಯುವುದು ಮೈಗೆ ಸುಲಭ. ನಿಮಗೆ ಬೇಕಾದದ್ದು ಬೇರೆ. ಗಡಗಡೆಯನ್ನು ಮರಿಗೆಗೆ ಸುತ್ತಿದ ಹಗ್ಗಕ್ಕೇ ಕಟ್ಟಿ. ಎಳೆಯುವ ಹಗ್ಗದ ಒಂದು ತುದಿ ಮೇಲಿನ ಮರಕ್ಕೆ ಕಟ್ಟಿ, ಅಲ್ಲಿಂದ ಕೆಳಗೆ ಬಂದು ಗಡಗಡೆಯಲ್ಲಿ ತಿರುಗಿ ಮತ್ತೆ ಮೇಲಕ್ಕೆ ನಿಮ್ಮ ಕೈಗೆ ಬರಬೇಕು. ಆಗ ಭಾರ ಎರಡು ಹಗ್ಗದಲ್ಲಿ ಹಂಚಿಹೋಗುತ್ತದೆ, ಅರ್ಧ ಮರಕ್ಕೆ, ಅರ್ಧ ನಿಮಗೆ. 60ರ ಬದಲು 30, ತಿಕ್ಕಾಟ ಸೇರಿ 40 ಅನ್ನಿ. 15 ಅಡಿ ಏರಲಿಕ್ಕೆ 30 ಅಡಿ ಹಗ್ಗ ಎಳೆಯಬೇಕಾಗುತ್ತದೆ, ಅದಕ್ಕೆ ಸಾಕಾಗುವಷ್ಟು ಉದ್ದದ ಹಗ್ಗ ಇಟ್ಟುಕೊಳ್ಳಿ.

ಅಡಿಕೆ ಮರಕ್ಕೆ ಮಾತ್ರ ಕಟ್ಟಬೇಡಿ. ಅದರ ಬೇರು ಮೇಲೇ ಇರುತ್ತದೆ, ನಿಮ್ಮ ಫಸಲಿನ ಮರ ಹೋಗುತ್ತದೆ. ಹಲಸೋ ಮಾವೋ ಇದ್ದರೆ ಬುಡಕ್ಕೆ ಹತ್ತಿರ ಕಟ್ಟಿ, ತೊಗಟೆಗೆ ಗೋಣಿಚೀಲ ಸುತ್ತಿ. ಕೈಗೆ ಬರುವ ತುದಿಯನ್ನು ಇನ್ನೊಂದು ಮರಕ್ಕೆ ಎರಡು ಸುತ್ತು ಹಾಕಿ ಹಿಡಿಯಿರಿ. ಬಂದರಿನಲ್ಲಿ ಬೋಟು ಕಟ್ಟುವಾಗ ನೋಡಿರಬಹುದು, ಅಷ್ಟು ದೊಡ್ಡ ಬೋಟನ್ನು ಒಬ್ಬ ಹುಡುಗ ಕಂಬಕ್ಕೆ ಹಗ್ಗ ಸುತ್ತಿ ಹಿಡಿದು ನಿಲ್ಲಿಸುತ್ತಾನೆ. ಶಕ್ತಿ ಅವನದ್ದಲ್ಲ, ಸುತ್ತಿದ ಹಗ್ಗದ ತಿಕ್ಕಾಟದ್ದು. ಒಂದೊಂದು ಸುತ್ತು ಜಾಸ್ತಿಯಾದ ಹಾಗೆ ಹಿಡಿತ ಪಟ್ಟು ಪಟ್ಟು ಏರುತ್ತದೆ. ಮರಿಗೆಯ ಹಿಂದೆ ಒಬ್ಬರು ಬೆಣೆ ಹಿಡಿದುಕೊಂಡೇ ಬರಬೇಕು, ಅಡಿಗೊಂದು ಸಲ ಕೊಡಬೇಕು, ತೇರಿನ ಗಾಲಿಗೆ ಕೊಡುವ ಹಾಗೆ. ಆದರೆ ಹಗ್ಗದ ನೇರಕ್ಕೆ ಯಾರೂ ನಿಲ್ಲುವುದು ಬೇಡ.

ಗ್ಯಾರೇಜಿನಲ್ಲಿ ಎಂಜಿನ್ ಎತ್ತುವ ಚೈನ್ ಪುಲ್ಲಿ ಬಾಡಿಗೆಗೆ ಸಿಕ್ಕರೆ ಇನ್ನೂ ಒಳ್ಳೆಯದು. ಅದರಲ್ಲಿ ಒಬ್ಬನೇ ಒಂದು ಟನ್ ಎತ್ತಬಹುದು. ಭಾರ ಒಂದು ಅಡಿ ಏರಬೇಕಾದರೆ ಕೈಯಲ್ಲಿ ಹತ್ತಾರು ಅಡಿ ಸರಪಳಿ ಎಳೆಯಬೇಕು, ಅದಕ್ಕೇ ಅದು ಅಷ್ಟು ನಿಧಾನ.


ಅಕ್ಕೋರು, ಕುಮಟಾ

ಮಗಳ ಪ್ರಶ್ನೆಗೆ ನಾನು ಬರೆಯುತ್ತೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ, ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿದ ಮಕ್ಕಳು ಬಹಳ ಕಮ್ಮಿ. ಅವಳಿಗೆ ಓದಿ ಹೇಳಿ.

ಪುಟ್ಟೀ, ಉಳಿದ 270 ಕೆಜಿಯನ್ನು ಹಾರೆಯ ಅಡಿಗೆ ಇಟ್ಟ ಕಲ್ಲು ಎತ್ತಿದ್ದು. ಸರಿಯಾಗಿ ಹೇಳಬೇಕಾದರೆ ಆ ಕಲ್ಲು ಹೊತ್ತದ್ದು 330. ಒಂದು ತುದಿಯಲ್ಲಿ ಮರಿಗೆ 300 ಕೆಜಿಯಷ್ಟು ಕೆಳಗೆ ಒತ್ತುತ್ತದೆ, ಇನ್ನೊಂದು ತುದಿಯಲ್ಲಿ ಅಪ್ಪ 30 ಕೆಜಿಯಷ್ಟು ಕೆಳಗೆ ಒತ್ತುತ್ತಾರೆ. ಎರಡೂ ಕೆಳಕ್ಕೇ ಅಲ್ವಾ? ಹಾಗಾದರೆ ಹಾರೆ ಯಾಕೆ ಕೆಳಗೆ ಬೀಳಲಿಲ್ಲ? ನಡುವಿನ ಕಲ್ಲು ಅಷ್ಟನ್ನೂ ಮೇಲಕ್ಕೆ ಒತ್ತಿ ಹಿಡಿದಿದೆ. ನಿಮ್ಮ ಮನೆಯಲ್ಲಿ ಅದು ಮಣ್ಣಿಗೆ ಇಳಿಯಿತಲ್ಲ, ಅದೇ ಸಾಕ್ಷಿ. ಹೊನ್ನಾವರದವರು ಹಲಗೆ ಹಾಸಲು ಹೇಳಿದ್ದೂ ಅದಕ್ಕೇ. ಪುಸ್ತಕದ ಚಿತ್ರದಲ್ಲಿ ಆಧಾರ ಅಂತ ಒಂದು ಸಣ್ಣ ತ್ರಿಕೋನ ಬರೆದಿರುತ್ತಾರೆ, ಅದಕ್ಕೆ ಭಾರವೇ ಇಲ್ಲವೇನೋ ಅನ್ನುವ ಹಾಗೆ. ಎಲ್ಲಕ್ಕಿಂತ ಜಾಸ್ತಿ ಭಾರ ಹೊರುವುದು ಅದೇ.

ಆದರೆ ನಿನ್ನ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಇದೆ. ಬಲ ಪುಕ್ಕಟೆ ಸಿಕ್ಕಿತಾ ಅಂತ. ಇಲ್ಲ. ಆಧಾರದ ಕಲ್ಲು ಹೊರುತ್ತದೆ, ಆದರೆ ಜಾಗ ಬಿಟ್ಟು ಕದಲುವುದಿಲ್ಲ. ಕದಲುವುದು ಅಪ್ಪನ ಕೈ ಮತ್ತು ಮರಿಗೆ, ಎರಡೇ. ಅಪ್ಪನ ಕೈ 10 ಇಂಚು ಕೆಳಗೆ ಬಂದರೆ ಮರಿಗೆ 1 ಇಂಚು ಏಳುತ್ತದೆ. 30 ಗುಣಿಸು 10 ಎಷ್ಟು? 300 ಗುಣಿಸು 1 ಎಷ್ಟು? ಎರಡೂ ಒಂದೇ. ಬಲದಲ್ಲಿ ಹತ್ತು ಪಟ್ಟು ಉಳಿಸಿದ್ದನ್ನು ದೂರದಲ್ಲಿ ಹತ್ತು ಪಟ್ಟು ಕೊಟ್ಟೆವು. ಇದಕ್ಕೇ ಯಾಂತ್ರಿಕ ಲಾಭ ಅನ್ನುವುದು. ಆ ಲಾಭ ಅನ್ನುವ ಪದ ಮಕ್ಕಳನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ ಅಂತ ನನಗೆ ಯಾವಾಗಲೂ ಅನ್ನಿಸಿದೆ. ಹತ್ತು ರೂಪಾಯಿಯ ಒಂದು ನೋಟು ಕೊಟ್ಟು ಒಂದು ರೂಪಾಯಿಯ ಹತ್ತು ನಾಣ್ಯ ತಂದ ಹಾಗೆ, ಚಿಲ್ಲರೆ ಮಾಡಿಸಿದ್ದು ಅಷ್ಟೇ.

ಈ ಲೆಕ್ಕ ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಆರ್ಕಿಮಿಡೀಸ್ ಬರೆದಿಟ್ಟದ್ದು. ನಿಲ್ಲಲು ಜಾಗ ಕೊಟ್ಟರೆ ಭೂಮಿಯನ್ನೇ ಎತ್ತುತ್ತೇನೆ ಅಂದನಂತೆ ಅಂತ ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿದರೆ ಅವನು ಬಲದಲ್ಲಿ ಸೋಲುವುದಿಲ್ಲ, ದೂರದಲ್ಲಿ ಸೋಲುತ್ತಾನೆ. 60 ಕೆಜಿಯ ಮನುಷ್ಯ ಭೂಮಿಯಷ್ಟು ಭಾರವನ್ನು 1 ಸೆಂಟಿಮೀಟರ್ ಎತ್ತಬೇಕಾದರೆ ಅವನ ಕೈ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ ದೂರ ಹೋಗಬೇಕು. ನಮ್ಮ ಆಕಾಶಗಂಗೆಯ ಈ ತುದಿಯಿಂದ ಆ ತುದಿಗೆ ಹತ್ತಿರಹತ್ತಿರ ಅಷ್ಟು. ಭೂಮಿಯ ತೂಕ 6ರ ಮುಂದೆ 24 ಸೊನ್ನೆ, ಕೆಜಿಯಲ್ಲಿ. ನೀನೇ ಭಾಗಿಸಿ ನೋಡು.

ಏರೂ ಹೀಗೇ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ, ನಮ್ಮ ಕುಮಟಾ ಕಡಲ ಪಕ್ಕ. ದೇವಿಮನೆ ಘಟ್ಟದ ರಸ್ತೆ ನೇರ ಹತ್ತದೆ ಸುತ್ತಿ ಸುತ್ತಿ ಹೋಗುವುದು ದೂರ ಕೊಟ್ಟು ಬಲ ಉಳಿಸಲು. ಆ ರಸ್ತೆಯನ್ನೇ ಒಂದು ಸರಳಿಗೆ ಸುತ್ತಿದ್ದೀವಿ ಅಂದುಕೊ, ಅದೇ ತಿರುಪು. ಜ್ಯಾಕಿನಲ್ಲಿ ಕಾರು ಏಳುವುದು ಹಾಗೇ.

ಮನೆಯಲ್ಲೇ ಮಾಡಿ ನೋಡಲು ಒಂದು ಸ್ಕೇಲು, ಒಂದು ಪೆನ್ಸಿಲು, ಒಂದೇ ತರದ ನಾಲ್ಕು ನಾಣ್ಯ ಸಾಕು. ಸ್ಕೇಲಿನ ಮಧ್ಯಕ್ಕೆ ಅಡ್ಡ ಪೆನ್ಸಿಲು ಇಡು. ಒಂದು ಕಡೆ 12 ಸೆಂಟಿಮೀಟರ್ ದೂರಕ್ಕೆ ಒಂದು ನಾಣ್ಯ ಇಟ್ಟರೆ ಇನ್ನೊಂದು ಕಡೆ ಮೂರು ನಾಣ್ಯವನ್ನು ಎಷ್ಟು ದೂರಕ್ಕೆ ಇಡಬೇಕು? ಮೊದಲು ಹೇಳು, ಆಮೇಲೆ ಇಡು.


ದೋಟಿ, ಯಲ್ಲಾಪುರ

ಅಕ್ಕೋರು ಬರೆದದ್ದು ಓದಿ ಬಹಳ ಸಂತೋಷ ಆಯಿತು. ನಾನು ಒಂದು ಮಾತು ಸೇರಿಸುತ್ತೇನೆ. ಎಲ್ಲ ಸಲಕರಣೆಯೂ ಬಲ ಉಳಿಸಲಿಕ್ಕೇ ಅಂತ ಮಕ್ಕಳು ತಿಳಿಯುತ್ತಾರೆ, ಹಾಗಿಲ್ಲ. ನಮ್ಮ ದೋಟಿಯನ್ನೇ ನೋಡಿ. ಅಡಿಕೆ ಕೊಯ್ಯುವ ದೋಟಿ ಬಲವನ್ನು ಉಳಿಸುವುದಿಲ್ಲ, ಬಲವನ್ನು ತಿನ್ನುತ್ತದೆ. ಕೊಡುವುದು ಎತ್ತರ. 40 ಅಡಿ ದೋಟಿ, 5 ಕೆಜಿ ತೂಕ ಅನ್ನಿ. ನೆಟ್ಟಗೆ ನಿಂತಿದ್ದರೆ ಕೈಗೆ 5 ಕೆಜಿಯೇ. ಸ್ವಲ್ಪ ವಾಲಿ, ಅದರ ನಡುಭಾಗ ನಿಮ್ಮ ಕೈಯಿಂದ 4 ಅಡಿ ಆಚೆ ಹೋಯಿತು ಅಂದರೆ, ಎರಡು ಕೈಯ ನಡುವೆ 2 ಅಡಿ ಅಂತರ ಇದ್ದವರಿಗೆ ಒಂದು ಕೈಯಲ್ಲಿ 10 ಕೆಜಿ ಎಳೆಯಬೇಕು, ಇನ್ನೊಂದರಲ್ಲಿ 10 ಕೆಜಿ ದೂಡಬೇಕು. ಕೊಯ್ಲಿನ ದಿನ ಸಂಜೆ ಭುಜ ಯಾಕೆ ಬಿದ್ದುಹೋಗುತ್ತದೆ ಅಂತ ಗೊತ್ತಾಗುತ್ತದೆ. ಈಗಿನ ಕಾರ್ಬನ್ ಫೈಬರ್ ದೋಟಿ ಹಗುರ, ದುಡ್ಡು ಜಾಸ್ತಿಯಾದರೂ ಜನ ತೆಗೆದುಕೊಳ್ಳುವುದು ಅದಕ್ಕೇ. ನಮ್ಮಲ್ಲಿ ಅದು ಬಂದ ಮೇಲೆ ಮರ ಹತ್ತಿಸುವ ಭಯ ತಪ್ಪಿತು. ನನಗೆ ಅದು ಎಲ್ಲಕ್ಕಿಂತ ದೊಡ್ಡ ವಿಷಯ.

ಅಡುಗೆಮನೆಯಲ್ಲಿ ಎರಡೂ ತರದ್ದು ಸಿಗುತ್ತದೆ. ಅಡಕತ್ತರಿಯಲ್ಲಿ ಅಡಿಕೆ ಕೀಲಿನ ಹತ್ತಿರ, ಕೈ ದೂರ, ಅಲ್ಲಿ ಬಲ ಉಳಿಯಿತು. ಇಕ್ಕಳದಲ್ಲಿ ಬಿಸಿ ಪಾತ್ರೆ ಹಿಡಿಯುವಾಗಲೂ ಕೀಲು ಬಾಯಿಯ ಹತ್ತಿರವೇ ಇರುತ್ತದೆ, ಹಿಡಿತ ಗಟ್ಟಿ. ಅದೇ ಒಲೆಯ ಕೆಂಡ ತೆಗೆಯುವ ಚಿಮಟದಲ್ಲಿ ಕೈ ನಡುವೆ, ಕೆಂಡ ದೂರದ ತುದಿಯಲ್ಲಿ. ಅಲ್ಲಿ ಬಲ ಕಳೆದುಕೊಂಡೆವು, ಕೈ ಸುಡುವುದು ತಪ್ಪಿತು.

ಶಾವಿಗೆ ಒರಳಿನ ಬಗ್ಗೆ ಹೇಳಲೇಬೇಕು. ನಮ್ಮ ಅತ್ತೆಯವರ ಕಾಲದ್ದು ಮರದ್ದು, ಉದ್ದ ಹಿಡಿಕೆ, ಅದರ ಮೇಲೆ ಮೈಭಾರ ಹಾಕಿ ಒತ್ತುವುದು. ಆಮೇಲೆ ತಂದದ್ದು ತಿರುಪಿನದ್ದು. ತಿರುಪಿನ ಹಿಡಿಕೆ ನಡುವಿನಿಂದ 10 ಸೆಂಟಿಮೀಟರ್, ಒಂದು ಸುತ್ತಿಗೆ ಕೈ 63 ಸೆಂಟಿಮೀಟರ್ ಹೋಗುತ್ತದೆ, ತಿರುಪು ಇಳಿಯುವುದು ಅರ್ಧ ಸೆಂಟಿಮೀಟರ್. ಲೆಕ್ಕದಲ್ಲಿ 126 ಪಟ್ಟು! ಅಷ್ಟು ಕೈಗೆ ಸಿಗುವುದಿಲ್ಲ, ಅರ್ಧಕ್ಕಿಂತ ಜಾಸ್ತಿ ತಿಕ್ಕಾಟಕ್ಕೇ ಹೋಗುತ್ತದೆ. ಆದರೆ ಆ ತಿಕ್ಕಾಟ ಬೇಕು. ಕೈ ಬಿಟ್ಟರೂ ತಿರುಪು ಹಿಂದೆ ಬರುವುದಿಲ್ಲ, ಹಿಟ್ಟು ಒತ್ತಿಕೊಂಡೇ ಇರುತ್ತದೆ, ನಾವು ಬಾಳೆಲೆ ಸರಿಮಾಡಿಕೊಂಡು ಬರಬಹುದು. ಮರದ ಒರಳಿನಲ್ಲಿ ಕೈ ಬಿಟ್ಟರೆ ಆಯಿತು, ಹಿಡಿಕೆ ಮೇಲೆ ಬರುತ್ತಿತ್ತು.


ಬೈತಖೋಲ್, ಕಾರವಾರ

ಅಕ್ಕೋರೇ, ಒಂದು ಕೇಳಬೇಕಿತ್ತು. ದೋಣಿಯ ಹುಟ್ಟು ಯಾವ ಜಾತಿಯ ಸನ್ನೆ, ಅಂದರೆ ಹಾರೆಯ ಹಾಗೆ ಮೀಟುವ ಸಾಧನ? ನಮ್ಮ ಹುಡುಗನ ಪರೀಕ್ಷೆಯಲ್ಲಿ ಎರಡನೇ ವರ್ಗ ಅಂತ ಬರೆಯಬೇಕಿತ್ತಂತೆ. ನಾನು ಹುಟ್ಟು ಹಾಕುವವನು. ದೋಣಿಯ ಅಂಚಿನಲ್ಲಿ ಹುಟ್ಟು ಸಿಕ್ಕಿಸುವ ಜಾಗವೇ ಆಧಾರ ಅಲ್ವಾ? ಒಂದು ಕಡೆ ಕೈ, ಒಂದು ಕಡೆ ನೀರು. ಮೊದಲನೇ ವರ್ಗ ಆಗಬೇಕು.


ಅಕ್ಕೋರು, ಕುಮಟಾ

ನೀವು ದೋಣಿಯೊಳಗೆ ಕೂತು ನೋಡಿದರೆ ನೀವು ಹೇಳಿದ್ದೇ ಸರಿ. ದೋಣಿ ನಿಮ್ಮ ಪಾಲಿಗೆ ನಿಂತಿದೆ, ನೀರು ಹಿಂದೆ ಹೋಗುತ್ತಿದೆ. ದಡದಲ್ಲಿ ನಿಂತವರಿಗೆ ಹಾಗೆ ಕಾಣುವುದಿಲ್ಲ. ಕಾಳಿ ನದಿಯ ದಡದಲ್ಲಿ ನಿಂತು ಹುಟ್ಟಿನ ಎಲೆಯನ್ನೇ ನೋಡಿ, ಅದು ನೀರಿನಲ್ಲಿ ಹತ್ತಿರಹತ್ತಿರ ಊರಿಕೊಂಡೇ ಇರುತ್ತದೆ, ಮುಂದೆ ಹೋಗುವುದು ದೋಣಿ. ಆಗ ಆಧಾರ ನೀರು, ಭಾರ ನಡುವಿನ ದೋಣಿ, ಬಲ ಕೈ. ಭಾರ ನಡುವೆ ಬಂದರೆ ಎರಡನೇ ವರ್ಗ. ಪುಸ್ತಕದವರು ದಡದಲ್ಲಿ ನಿಂತು ಬರೆದಿದ್ದಾರೆ. ಮಗ ಎರಡೂ ಬರೆದು ಕಾರಣ ಕೊಟ್ಟಿದ್ದರೆ ನಾನು ಪೂರ್ತಿ ಅಂಕ ಕೊಡುತ್ತಿದ್ದೆ.


ತೋಟದಮನೆ, ಶಿರಸಿ

ಎಲ್ಲರಿಗೂ ಬಹಳ ಬಹಳ ಧನ್ಯವಾದ. ಮರಿಗೆ ಹೊಸ ಕೊಟ್ಟಿಗೆಯಲ್ಲಿ ಕೂತಿದೆ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದ್ದು, ಮುಗಿದಾಗ ಮಧ್ಯಾಹ್ನ ಎರಡೂವರೆ. ಯಾರಿಗೂ ಒಂದು ಗೀರೂ ಆಗಲಿಲ್ಲ.

ಹಳೇ ಬಾಗಿಲಿನ ದಾರಂದದ ತುಂಡು ಒಂದಿತ್ತು, ಅದನ್ನು ಹಲಗೆಯ ಮೇಲಿಟ್ಟು ಹಾರೆಗೆ ಅಡಿ ಕೊಟ್ಟೆವು. ತುದಿಯಿಂದ ಸರಿಯಾಗಿ 4 ಇಂಚಿಗೆ. ಮಗಳಿಗೆ ಒತ್ತುವ ಬಲ ಎಷ್ಟು ಅಂತ ನೋಡಲೇಬೇಕಿತ್ತು. ಅವಳೇ ಒಂದು ಉಪಾಯ ಹೇಳಿದಳು. ಹಾರೆಯ ತುದಿಗೆ ಎರಡು ಇಂಚು ಬಿಟ್ಟು ಪ್ಲಾಸ್ಟಿಕ್ ಡಬ್ಬಿ ಕಟ್ಟಿ ಅದಕ್ಕೆ ಲೀಟರಿನ ಚೊಂಬಿನಲ್ಲಿ ನೀರು ಹೊಯ್ಯುತ್ತಾ ಬರುವುದು. ಹತ್ತು ಆಯಿತು, ಹದಿನೈದು ಆಯಿತು, ಏನೂ ಇಲ್ಲ. ಡಬ್ಬಿಯ ತೂಕವೂ ಸೇರಿ 18 ಕೆಜಿ ಹತ್ತಿರ ಬಂದಾಗ ಮರಿಗೆಯ ಮೂಲೆ ಸದ್ದಿಲ್ಲದೆ ನೆಲ ಬಿಟ್ಟಿತು. ಅಡಿಯಲ್ಲಿ ಒಂದು ಕಾಗದ ಹೋಗುವಷ್ಟು. ಡಬ್ಬಿ ಮೆಲ್ಲಗೆ ಇಳಿದು ನೆಲದ ಮೇಲೆ ಕೂತಿತು. ಅಪ್ಪ ಕುರ್ಚಿಯಲ್ಲಿ ಕೂತವರು ಎದ್ದು ಬಂದು ನೋಡಿದರು. ಆ ಮರಿಗೆಯನ್ನು ತಂದು ಇಳಿಸಿದ ದಿನ ಅವರಿಗೆ ಐದೋ ಆರೋ ವರ್ಷವಂತೆ, ಎತ್ತಿನ ಗಾಡಿಯಿಂದ ಇಳಿಸಲು ಎಂಟು ಜನ ಇದ್ದರಂತೆ.

ಏರಿನಲ್ಲಿ ಹಲಸಿನ ಮರಕ್ಕೆ ಕಟ್ಟಿ ಗಡಗಡೆಯನ್ನು ಮರಿಗೆಗೇ ಹಾಕಿದೆವು. ನಾನು ಮೊದಲು ಗಡಗಡೆ ಮರಕ್ಕೇ ಅಂತ ತಿಳಿದಿದ್ದೆ, ಬೈತಖೋಲಿನ ಅಣ್ಣ ಹೇಳದಿದ್ದರೆ ಹಾಗೇ ಕಟ್ಟುತ್ತಿದ್ದೆ. ತಮ್ಮ ಎಳೆದ, ನಾನು ಬೆಣೆ, ಹೆಂಡತಿ ಪೈಪು. ಒಂದು ಸಲ ಪೈಪು ಓರೆಯಾಗಿ ಮರಿಗೆ ಅಡಿಕೆ ಸಸಿಯ ಕಡೆ ತಿರುಗಿತು, ಮುಂದಿನ ಪೈಪನ್ನು ಆ ಕಡೆ ಓರೆ ಇಟ್ಟು ಸರಿಮಾಡಿಕೊಂಡೆವು.

ಎಲ್ಲ ಮುಗಿದ ಮೇಲೆ ಮಗಳು ದಾರಂದದ ತುಂಡು ಎತ್ತಿಕೊಂಡು ಬಂದಳು. ಹಾರೆ ಕೂತ ಜಾಗದಲ್ಲಿ ಅರ್ಧ ಇಂಚು ಗುಂಡಿ ಬಿದ್ದಿದೆ. ಹಲಸಿನ ಮರದ ದಾರಂದ ಅದು, ಅಷ್ಟು ಗಟ್ಟಿ. "ಉಳಿದದ್ದು ಇದೇ ಹೊತ್ತಿದ್ದು" ಅಂದಳು. ಆ ತುಂಡು ಈಗ ಅವಳ ಪುಸ್ತಕದ ಮೇಜಿನ ಮೇಲಿದೆ.

ಅವಳದ್ದು ಒಂದು ಅನುಮಾನ ಉಳಿದಿದೆ. ಲೆಕ್ಕದ ಪ್ರಕಾರ 21 ಬೇಕಿತ್ತು, 18ಕ್ಕೇ ಯಾಕೆ ಎದ್ದಿತು? ಮರಿಗೆಯ ತೂಕ ಕಮ್ಮಿಯೇ?


ಅಕ್ಕೋರು, ಕುಮಟಾ

ಮರಿಗೆ ಕಮ್ಮಿ ಇಲ್ಲ. ಹಾರೆಗೂ ಭಾರ ಇದೆಯಲ್ಲ, ಅದನ್ನು ನಾವು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ! ಹಾರೆಯ ನಡುಭಾಗ ಆಧಾರದಿಂದ 26 ಇಂಚು ಅಪ್ಪನ ಕಡೆಗೇ ಇದೆ, ಅದೂ ಒತ್ತುತ್ತದೆ. ಡಬ್ಬಿ ಕಟ್ಟಿದ್ದು 54 ಇಂಚಿಗೆ. ಹಾರೆ ತೂಗಿ ಹೇಳಲು ಹೇಳಿ, ಲೆಕ್ಕ ಅವಳೇ ಮಾಡಲಿ.


ತೋಟದಮನೆ, ಶಿರಸಿ

ಅಡಿಕೆ ತೂಗುವ ತಕ್ಕಡಿಯಲ್ಲಿ ತೂಗಿದೆವು. 8 ಕೆಜಿ. ಅವಳು ಲೆಕ್ಕ ಮಾಡಿದ್ದು: 8 ಗುಣಿಸು 26, ಭಾಗಿಸು 54, ಹತ್ತಿರಹತ್ತಿರ 4. 4 ಮತ್ತು 18 ಸೇರಿ 22. ಡಬ್ಬಿ 56ರ ಬದಲು 54 ಇಂಚಿಗೆ ಇದ್ದದ್ದರಿಂದ ಬೇಕಾದದ್ದೂ 21 ಅಲ್ಲ, 22. ಸರಿಹೋಯಿತು. ಈಗ ನನ್ನ ಅಡಕತ್ತರಿ, ಅಪ್ಪನ ಊರುಗೋಲು, ಅಮ್ಮನ ಚಿಮಟ ಎಲ್ಲಕ್ಕೂ ಸ್ಕೇಲು ಹಿಡಿದುಕೊಂಡು ಓಡಾಡುತ್ತಿದ್ದಾಳೆ.